ಒಂದು ಗೋಲಿನ ಸೋಲು

ಆಟಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಆಡುವವರನ್ನೇ ಕುರಿತು ಬರೆಯುತ್ತಾರೆ. ನೋಡುವವರ ಗೋಜಿಗೆ ಹೋಗುವವರು ವಿರಳ. ಪಂದ್ಯ ಮುಗಿದ ಮೇಲೆ ಆಟಗಾರನು ಬೂಟು ಬಿಚ್ಚಿಟ್ಟು ಹೊರಟುಹೋಗುತ್ತಾನೆ. ಅದೇ ಪಂದ್ಯವನ್ನು ಮರುದಿನ ಅಂಗಡಿಯ ಮುಂದೆ, ಕಾಫಿಯ ಲೋಟ ಕೈಯಲ್ಲಿ ಹಿಡಿದು, ಮತ್ತೊಮ್ಮೆ ಆಡುವವನು ಪ್ರೇಕ್ಷಕ. ಮೊದಲನೆಯ ಆಟಕ್ಕೆ ತೊಂಬತ್ತು ನಿಮಿಷ. ಎರಡನೆಯದಕ್ಕೆ ಕಾಲದ ಮಿತಿಯಿಲ್ಲ. ಈ ಎರಡನೆಯ ಆಟದಲ್ಲಿ, ಅದರಲ್ಲೂ ತಮಗಿಂತ ಬಲಿಷ್ಠರಾದವರಿಗೆ ಕೂದಲೆಳೆಯ ಅಂತರದಲ್ಲಿ ಸೋತಾಗ, ಜನ ಏನೇನು ಆಡಿಕೊಳ್ಳುತ್ತಾರೆ, ಏಕೆ ಹಾಗೆ ಆಡಿಕೊಳ್ಳುತ್ತಾರೆ ಎಂಬುದನ್ನು ಯಥಾಮತಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ. ವಿಷಯ ಹಗುರವಾಯಿತೆಂದು ಅಧ್ಯಾಪಕರು ಭಾವಿಸಬಾರದು. ಜಾತಿ, ಭಾಷೆ, ಕಸುಬುಗಳಲ್ಲಿ ಬೇರೆ ಬೇರೆಯಾದ ಸಾವಿರಾರು ಜನ ಒಂದೇ ಸೋಲನ್ನು ತಮ್ಮದೆಂದು ಹೊತ್ತುಕೊಳ್ಳುವುದು ಸಮಾಜಶಾಸ್ತ್ರದ ವಿದ್ಯಾರ್ಥಿಗೆ ಸಣ್ಣ ವಿಷಯವಲ್ಲ.

ನಾನು ಆರಿಸಿಕೊಂಡ ಉದಾಹರಣೆ 2016ನೆಯ ಇಸವಿಯ ನವೆಂಬರ್ 5ರದು. ಅಂದು ಕತಾರ್ ದೇಶದ ದೋಹಾ ನಗರದಲ್ಲಿ ಎ.ಎಫ್.ಸಿ. ಕಪ್ ಪಂದ್ಯಾವಳಿಯ ಅಂತಿಮ ಪಂದ್ಯ. ಒಂದು ಕಡೆ ನಮ್ಮ ಬೆಂಗಳೂರು ಎಫ್.ಸಿ.; ಇನ್ನೊಂದು ಕಡೆ ಇರಾಕಿನ ವಾಯುಪಡೆಯ ತಂಡವಾದ ಅಲ್ ಕುವ್ವಾ ಅಲ್ ಜವಿಯಾ. ನಮ್ಮದು 2013ರಲ್ಲಿ ಹುಟ್ಟಿದ ಮೂರು ವರ್ಷದ ಕೂಸು. ಅವರದು 1931ರಲ್ಲಿ ಹುಟ್ಟಿ ಒಂದೆರಡು ತಲೆಮಾರುಗಳನ್ನು ಕಂಡ ಮನೆತನ. ಅದಕ್ಕೆ ಮುಂಚೆ ಭಾರತದ ಯಾವ ಕ್ಲಬ್ಬೂ ಈ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿರಲಿಲ್ಲ. ಗೋವೆಯ ಡೆಂಪೊ 2008ರಲ್ಲಿಯೂ, ಕಲ್ಕತ್ತೆಯ ಈಸ್ಟ್ ಬೆಂಗಾಲ್ 2013ರಲ್ಲಿಯೂ ಉಪಾಂತ್ಯದವರೆಗೆ ಬಂದು ನಿಂತಿದ್ದವು. ಬೆಂಗಳೂರಿನವರು ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ, ಹಿಂದಿನ ವರ್ಷದ ವಿಜೇತರಾದ ಮಲೇಷ್ಯದ ಜೊಹೊರ್ ತಂಡಕ್ಕೆ ಮೊದಲು ಒಂದು ಗೋಲು ಬಿಟ್ಟುಕೊಟ್ಟು, ಆಮೇಲೆ ಸುನಿಲ್ ಛೇತ್ರಿಯವರ ಎರಡು ಗೋಲು, ಹುವಾನನ್ ಅವರ ಒಂದು ಗೋಲಿನಿಂದ 3–1ರಲ್ಲಿ ಗೆದ್ದು ದೋಹಾಕ್ಕೆ ಹೋಗಿದ್ದರು. ಅಲ್ಲಿ 70ನೆಯ ನಿಮಿಷದವರೆಗೂ ಯಾರದೂ ಗೋಲಿಲ್ಲ. ಆಗ ಹಮ್ಮಾದಿ ಅಹ್ಮದ್ ಎಂಬವರು ಒಂದು ಗೋಲು ಹೊಡೆದರು. ಆ ಪಂದ್ಯಾವಳಿಯಲ್ಲಿ ಅದು ಅವರ 16ನೆಯ ಗೋಲು. ಅಷ್ಟಕ್ಕೇ ಮುಗಿಯಿತು. ಅದೇ ಇರಾಕಿ ತಂಡ 2017ರಲ್ಲಿಯೂ 2018ರಲ್ಲಿಯೂ ಕಪ್ಪನ್ನು ಗೆದ್ದು, ಸತತವಾಗಿ ಮೂರು ವರ್ಷ ಅದನ್ನು ತನ್ನಲ್ಲೇ ಇಟ್ಟುಕೊಂಡಿತು. ಆದ್ದರಿಂದ ಎದುರಾಳಿಗಳು ಬಲಿಷ್ಠರೆಂಬ ಮಾತು ಸೋತವರ ನೆಪವಲ್ಲ.

ಈ ಸೋಲಿನ ಮಾತುಗಳನ್ನು ನಾನು ಕೇಳಿದ್ದು ಬಳೇಪೇಟೆಯಲ್ಲಿ. ಬಳೇಪೇಟೆ ಕಾಲ್ಚೆಂಡಾಟದ ಕೇರಿಯಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಬೆಂಗಳೂರಿನಲ್ಲಿ ಈ ಆಟದ ಬೇರು ಇರುವುದು ದಂಡಿನ ಕಡೆ: ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಗೌತಮಪುರ. ಪೇಟೆಯ ಕಡೆ ಹಿಂದೆ ಗರಡಿಮನೆ, ಆಮೇಲೆ ಕ್ರಿಕೆಟ್ಟು. ಹಾರ್ಮೋನಿಯಂ, ತಬಲಗಳ ಅಂಗಡಿಗಳು, ಮದುವೆಯ ಕಾಗದ ಅಚ್ಚುಹಾಕುವವರು, ಬಳೆಯ ವ್ಯಾಪಾರ, ಬಟ್ಟೆಯ ಸಗಟು ವ್ಯಾಪಾರ, ಇವುಗಳ ನಡುವೆ ದಾರಿ ಬಿಡಿರೆಂದು ಕೂಗುತ್ತ ಹೋಗುವ ಕೈಗಾಡಿಗಳು. ಕನ್ನಡ, ತೆಲುಗು, ತಮಿಳು, ಉರ್ದು, ಮಾರವಾಡಿ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ನಮ್ಮ ತಂದೆ ಇಂಥದೊಂದು ಸಗಟು ಅಂಗಡಿಯಲ್ಲಿ ಮೂಟೆ ಕಟ್ಟುವ ಕೆಲಸದಲ್ಲಿರುವುದರಿಂದ ಈ ಬೀದಿಯ ಮಾತು ನನಗೆ ಪುಸ್ತಕಗಳಿಗಿಂತ ಮೊದಲೇ ಪರಿಚಯವಾದದ್ದು. ಕಂಠೀರವ ಕ್ರೀಡಾಂಗಣ ಇಲ್ಲಿಂದ ನಡೆದುಹೋಗುವಷ್ಟು ದೂರ. ಮೈಸೂರು ಬ್ಯಾಂಕ್ ವೃತ್ತ, ಹಡ್ಸನ್ ವೃತ್ತ ದಾಟಿದರೆ ಬಂತು. ಬೆಂಗಳೂರು ಎಫ್.ಸಿ. ಅಲ್ಲಿ ಆಡತೊಡಗಿದ ಮೇಲೆ ಅಂಗಡಿಯ ಹುಡುಗರು ಬೇಗ ಕೆಲಸ ಮುಗಿಸಿ, ನೀಲಿ ಅಂಗಿ ತೊಟ್ಟು ಹೊರಡುವುದು ವಾಡಿಕೆಯಾಯಿತು. ಪಶ್ಚಿಮದ ಗ್ಯಾಲರಿಯಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳು ಕೂರದೆ ಹಾಡುವುದನ್ನು ನೋಡಲೆಂದೇ ಹೋಗುತ್ತಿದ್ದವರೂ ಉಂಟು. ಆಟ ಅರ್ಥವಾಗದಿದ್ದರೂ ಹಾಡು ಅರ್ಥವಾಗುತ್ತದೆ.

2016ರಲ್ಲಿ ನಾನಿನ್ನೂ ಪ್ರಾಥಮಿಕ ಶಾಲೆಯ ಹುಡುಗ. ಈ ಲೇಖನಕ್ಕಾಗಿ, ಅಂದು ರಾತ್ರಿ ಟೆಲಿವಿಷನ್ನಿನ ಮುಂದೆ ಕುಳಿತಿದ್ದ ಕೆಲವರನ್ನು ಈಗ ಮತ್ತೆ ಮಾತನಾಡಿಸಿದೆ. ಇಷ್ಟು ವರ್ಷಗಳಾದರೂ ಒಬ್ಬರೂ ಗೋಲಿನಿಂದ ಕಥೆ ಆರಂಭಿಸಲಿಲ್ಲ. ಎಲ್ಲರೂ ‘ಇದ್ದಿದ್ದರೆ’ಯಿಂದ ಆರಂಭಿಸಿದರು. ಖಾಯಂ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಂದು ಆಡುವಂತಿರಲಿಲ್ಲ, ಅವರ ಮೇಲೆ ಒಂದು ಪಂದ್ಯದ ನಿಷೇಧವಿತ್ತು. ಅವರ ಬದಲು ನಿಂತವರು ರಾಲ್ತೆ. ಆದ್ದರಿಂದ ಮೊದಲನೆಯ ಮಾತು, “ಅಮರಿಂದರ್ ಇದ್ದಿದ್ದರೆ.” ರಾಲ್ತೆ ಚೆನ್ನಾಗಿಯೇ ಆಡಿದರೆಂದು ಅವರೇ ಒಪ್ಪುತ್ತಾರೆ, ಒಪ್ಪಿಕೊಂಡು, “ಆದರೂ ಅಮರಿಂದರ್ ಇದ್ದಿದ್ದರೆ” ಎನ್ನುತ್ತಾರೆ. ಎರಡನೆಯದು, “ಇನ್ನು ಇಪ್ಪತ್ತು ನಿಮಿಷ ತಡೆದಿದ್ದರೆ.” ಮೂರನೆಯದು, “ಪಂದ್ಯ ನಮ್ಮ ಕಂಠೀರವದಲ್ಲಿ ಆಗಿದ್ದರೆ.” ಈ ಮೂರನೆಯದಕ್ಕೆ ಒಂದು ಉತ್ತರವಿದೆ. ದೇಶದ ಪರಿಸ್ಥಿತಿಯ ದೆಸೆಯಿಂದ ಇರಾಕಿನ ತಂಡಕ್ಕೂ ತನ್ನ ನೆಲದಲ್ಲಿ ಪಂದ್ಯ ನಡೆಸುವ ಭಾಗ್ಯ ಆಗ ಇರಲಿಲ್ಲ. ದೋಹಾ ಅವರಿಗೂ ಪರಸ್ಥಳವೇ. ಇದನ್ನು ಹೇಳಿದಾಗ ಮದುವೆ ಕಾಗದದ ಅಂಗಡಿಯ ಯಜಮಾನರೊಬ್ಬರು, “ಹಾಗಾದರೆ ಅವರದೂ ಪಾಪ, ಬಿಡಪ್ಪ” ಎಂದು ಸ್ವಲ್ಪ ಹೊತ್ತು ಸುಮ್ಮನಾದರು.

‘ರೆ’ ಎಂಬ ಈ ಒಂದಕ್ಷರದ ಮೇಲೆ ಮನಶ್ಶಾಸ್ತ್ರಜ್ಞರು ಬಹಳ ಕೆಲಸ ಮಾಡಿದ್ದಾರೆ. ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಇಬ್ಬರು 1982ರಲ್ಲಿ ಪ್ರಕಟಿಸಿದ ಬರಹದಲ್ಲಿ ಒಂದು ಪ್ರಶ್ನೆ ಬರುತ್ತದೆ. ಇಬ್ಬರು ಪ್ರಯಾಣಿಕರು ಒಂದೇ ಗಾಡಿಯಲ್ಲಿ, ಒಂದೇ ದಟ್ಟಣೆಯಲ್ಲಿ ಸಿಕ್ಕಿ, ಅರ್ಧ ಗಂಟೆ ತಡವಾಗಿ ವಿಮಾನ ನಿಲ್ದಾಣ ಸೇರುತ್ತಾರೆ. ಒಬ್ಬನ ವಿಮಾನ ಸರಿಯಾದ ಹೊತ್ತಿಗೇ ಹೋಗಿಬಿಟ್ಟಿದೆ. ಇನ್ನೊಬ್ಬನದು ತಡವಾಗಿ, ಈಗ ಐದು ನಿಮಿಷದ ಹಿಂದೆ ಹೊರಟಿದೆ. ಯಾರಿಗೆ ಹೆಚ್ಚು ಸಂಕಟ? ಹೆಚ್ಚುಕಡಮೆ ಎಲ್ಲರೂ ಎರಡನೆಯವನಿಗೆ ಎಂದರಂತೆ. ಇಬ್ಬರ ನಷ್ಟವೂ ಒಂದೇ. ಆದರೆ ಐದು ನಿಮಿಷವನ್ನು ಮನಸ್ಸು ಸುಲಭವಾಗಿ ಅಳಿಸಿ ತಿದ್ದಬಲ್ಲದು, ಅರ್ಧ ಗಂಟೆಯನ್ನು ತಿದ್ದಲಾರದು. ಮೆಜೆಸ್ಟಿಕ್ಕಿನಲ್ಲಿ ಕಣ್ಣೆದುರಿಗೇ ಊರ ಬಸ್ಸು ಹೊರಟುಹೋದವರಿಗೆ ಇದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ನಮ್ಮವರು ಇದನ್ನೇ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಹಿಂದೆಯೇ ಹೇಳಿದ್ದಾರೆ.

ಇಲ್ಲಿಯವರೆಗೆ ವಿಷಯ ಸರಳ. ತೊಡಕು ಇರುವುದು ‘ನಾವು’ ಎಂಬ ಮಾತಿನಲ್ಲಿ. ನಮ್ಮ ತಾಯಿ ಈ ಲೇಖನದ ಸಿದ್ಧತೆಯನ್ನು ನೋಡಿ, “ಆಡಿದವರು ಯಾರೋ, ಸೋತವರು ಯಾರೋ, ನಿಮಗೇನು ಬಂತು ಇದರಲ್ಲಿ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆ ತಂಡದಲ್ಲಿ ಬಳೇಪೇಟೆಯವರು ಒಬ್ಬರೂ ಇರಲಿಲ್ಲ. ಅಮೆರಿಕದ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ವಿಶ್ವವಿದ್ಯಾನಿಲಯದ ತಂಡ ಗೆದ್ದ ಮೇಲಿನ ಸೋಮವಾರ ಅದರ ಹೆಸರುಳ್ಳ ಉಡುಪು ಧರಿಸಿ ಬರುವ ವಿದ್ಯಾರ್ಥಿಗಳು ಹೆಚ್ಚೆಂದೂ, ಗೆಲುವನ್ನು ಹೇಳುವಾಗ ‘ನಾವು’ ಎಂಬ ಮಾತು ಹೆಚ್ಚು ಬರುತ್ತದೆಂದೂ ತೋರಿಸಿದರು. ಗೆದ್ದರೆ ನಾವು, ಸೋತರೆ ಅವರು. ಇದು ಲೋಕದ ರೀತಿ. ಆದರೆ ದೋಹಾದ ಪಂದ್ಯವನ್ನು ಹೇಳುವಾಗ ಬಳೇಪೇಟೆಯಲ್ಲಿ ನಾನು ಕೇಳಿದ್ದು “ಒಂದು ಗೋಲಿನಲ್ಲಿ ಸೋತೆವು” ಎಂದೇ ಹೊರತು “ಸೋತರು” ಎಂದಲ್ಲ. ತೆಲುಗು ಮನೆಮಾತಿನ ಬಳೆ ವ್ಯಾಪಾರಿಯೊಬ್ಬರು ತಮ್ಮವರೊಡನೆ ಇದನ್ನೇ ಹೇಳುವಾಗ ‘ಮನಂ’ ಎಂದರು. ತೆಲುಗಿನಲ್ಲಿ ‘ಮೇಮು’ ಎಂದರೆ ಕೇಳುವವನನ್ನು ಬಿಟ್ಟ ನಾವು; ‘ಮನಂ’ ಎಂದರೆ ಕೇಳುವವನೂ ಸೇರಿದ ನಾವು. ಕನ್ನಡದ ಒಂದೇ ‘ನಾವು’ ಮುಚ್ಚಿಡುವುದನ್ನು ಆ ಭಾಷೆ ಬಿಚ್ಚಿ ಹೇಳುತ್ತದೆ.

ಹಾಗಾದರೆ ಅಂತರ ಚಿಕ್ಕದಾದ್ದರಿಂದ ‘ನಾವು’ ಉಳಿಯಿತೆ? ಅಲ್ಲವೆಂದು ನನ್ನ ಅಭಿಪ್ರಾಯ. ಇದಕ್ಕೆ ಆಧಾರ ಇನ್ನೊಂದು ಪಂದ್ಯ. 2018ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ಕಂಠೀರವದಲ್ಲೇ ನಡೆಯಿತು. ಲೀಗ್ ಹಂತದಲ್ಲಿ ಬೆಂಗಳೂರು 40 ಅಂಕ ಗಳಿಸಿ ಮೊದಲನೆಯ ಸ್ಥಾನದಲ್ಲಿತ್ತು. ಎದುರಾಳಿ ಚೆನ್ನೈಯಿನ್ ತಂಡಕ್ಕೆ 32. ಛೇತ್ರಿಯವರು 9ನೆಯ ನಿಮಿಷದಲ್ಲೇ ಗೋಲು ಹೊಡೆದರು. ಕೊನೆಗೆ ಫಲಿತಾಂಶ 2–3. ಅಲ್ಲಿಯೂ ಒಂದೇ ಗೋಲಿನ ಅಂತರ. ಆದರೆ ಈ ಪಂದ್ಯವನ್ನು ಕೇಳಿದರೆ ಅದೇ ಜನ, “ಅಯ್ಯೋ, ಮನೆಯ ಅಂಗಳದಲ್ಲೇ ಕೈಬಿಟ್ಟರು” ಎನ್ನುತ್ತಾರೆ. ಬಿಟ್ಟೆವು ಎನ್ನುವುದಿಲ್ಲ. ಸಮಾನರಿಗೋ ತಮಗಿಂತ ಕಡಮೆಯವರಿಗೋ ಸೋತಾಗ ಅಭಿಮಾನಿ ಒಂದು ಹೆಜ್ಜೆ ಹಿಂದೆ ಸರಿದು ತೀರ್ಪು ಹೇಳುವವನಾಗುತ್ತಾನೆ. ಬಲಿಷ್ಠರಿಗೆ ಸೋತಾಗ ಒಂದು ಹೆಜ್ಜೆ ಮುಂದೆ ಬಂದು ತಂಡದ ಪಕ್ಕದಲ್ಲಿ ನಿಲ್ಲುತ್ತಾನೆ. ಅಂತೂ ಗೋಲುಗಳ ಲೆಕ್ಕಕ್ಕಿಂತ, ಪಂದ್ಯಕ್ಕೆ ಮೊದಲು ಮನಸ್ಸು ಹಾಕಿಕೊಂಡಿದ್ದ ಲೆಕ್ಕ ಮುಖ್ಯವೆಂದಾಯಿತು. ಗದಾಯುದ್ಧದಲ್ಲಿ ಕವಿ ರನ್ನ ಕಥಾನಾಯಕನೆಂದದ್ದು ಭೀಮನನ್ನು. ನಮ್ಮ ತರಗತಿಯಲ್ಲಿ ಕಣ್ಣೀರು ಬಂದದ್ದು ದುರ್ಯೋಧನನಿಗೆ.

ಬಲಿಷ್ಠರಿಗೆ ಸೋತವರ ಪಕ್ಕದಲ್ಲಿ ನಿಲ್ಲುವುದು ಉದಾತ್ತವಾದದ್ದೆಂದು ತೋರುತ್ತದೆ. ಬೆಂಗಳೂರಿನ ಇನ್ನೂ ಹಳೆಯ ಕಥೆಯೊಂದನ್ನು ನೋಡಿದರೆ ಅಷ್ಟು ನಿಶ್ಚಯವಾಗಿ ಹೇಳಲಾಗುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತ ಫ್ರಾನ್ಸಿನ ಎದುರು 1–2ರಲ್ಲಿ ಸೋತಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ತಂಡಕ್ಕೆ ಆಡುತ್ತಿದ್ದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನರೂ ಆ ತಂಡದಲ್ಲಿದ್ದರು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು; ಸಿಕ್ಕಿದ ಎರಡು ಪೆನಾಲ್ಟಿಗಳೂ ವ್ಯರ್ಥವಾದವು; ಫ್ರಾನ್ಸಿನ ಎರಡನೆಯ ಗೋಲು ಬಂದದ್ದು ಪಂದ್ಯ ಮುಗಿಯುವ ಹೊತ್ತಿಗೆ. ‘ರೆ’ಗೆ ಇದಕ್ಕಿಂತ ಫಲವತ್ತಾದ ನೆಲ ಬೇರೆ ಬೇಕೆ? ಬರಿಗಾಲಿನಲ್ಲೇ ಇಷ್ಟು ಆಡಿದರಲ್ಲ ಎಂಬ ಹೊಗಳಿಕೆ ದೇಶವನ್ನೆಲ್ಲ ತುಂಬಿತು. ನಾಲ್ಕು ವರ್ಷಗಳ ಮೇಲೆ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಮತ್ತೆ ಹಲವರು ಬರಿಗಾಲಿನಲ್ಲೇ ಯುಗೊಸ್ಲಾವಿಯದ ಎದುರು ಇಳಿದರು. ಫಲಿತಾಂಶ 1–10. ಆ ಒಂದು ಗೋಲು ಅಹ್ಮದ್ ಖಾನರದು. ಹತ್ತು ಗೋಲುಗಳನ್ನು ಯಾವ ‘ರೆ’ಯೂ ಅಳಿಸಲಾರದು, ಬೂಟು ಕಡ್ಡಾಯವಾದದ್ದು ಆ ಸೋಲಿನ ತರುವಾಯ. 1956ರ ಮೆಲ್ಬರ್ನಿನಲ್ಲಿ ಅದೇ ಯುಗೊಸ್ಲಾವಿಯಕ್ಕೆ ಭಾರತ ಸೋತದ್ದು 1–4ರಲ್ಲಿ, ಅದೂ ಉಪಾಂತ್ಯದಲ್ಲಿ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಗರಡಿಗಳಿದ್ದ ಈ ಪೇಟೆಗೆ ಹೊಸದಲ್ಲ. ಕೂದಲೆಳೆಯ ಸೋಲು ಮೀಸೆಯನ್ನು ಉಳಿಸುತ್ತದೆ, ಕಷ್ಟವೂ ಅಲ್ಲಿಯೇ. 1948ರ ಹೊಗಳಿಕೆ ನಾಲ್ಕು ವರ್ಷ ಬೂಟನ್ನು ದೂರವಿಟ್ಟಿತೆಂದು ನಾನು ವಾದಿಸಿದಾಗ, ಹಾರ್ಮೋನಿಯಂ ಅಂಗಡಿಯ ಹಿರಿಯರೊಬ್ಬರು ಒಪ್ಪಲಿಲ್ಲ. “ನೀನು ಹೇಳುವ ಹತ್ತು ಗೋಲಿನ ಕಥೆ ಕೇಳಿ ಯಾವ ಹುಡುಗ ಚೆಂಡು ಮುಟ್ಟುತ್ತಾನೆ ಹೇಳು? ಬರಿಗಾಲಿನ ಕಥೆ ಕೇಳಿಯೇ ನಾವು ಮೈದಾನಕ್ಕೆ ಹೋದದ್ದು” ಎಂದರು. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ಆದರೂ ಹೊಗಳಿಕೆಯ ವಿಷಯದಲ್ಲಿ ನನ್ನ ಅನುಮಾನ ಹೋಗಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಒಂದೆರಡು ಅಂಕಗಳಲ್ಲಿ ಮೊದಲನೆಯ ದರ್ಜೆ ತಪ್ಪಿದ ಸೆಮಿಸ್ಟರಿನಲ್ಲಿ ಪರಿಚಿತರು ಹಲವರು ಬೆನ್ನು ತಟ್ಟಿ, “ನಿಮ್ಮ ಮನೆಯ ಸ್ಥಿತಿಗೆ ಇಷ್ಟು ಬಂದದ್ದೇ ಹೆಚ್ಚು” ಎಂದರು. ಪ್ರೀತಿಯಿಂದಲೇ ಹೇಳಿದರು. ಆದರೆ ಅದೇ ಅಂಕ ಬಂದ ಶ್ರೀಮಂತರ ಮಗನಿಗೆ ಅವರು ಹಾಗೆ ಹೇಳಲಿಲ್ಲ. ಎಲ್ಲಿ ಎಡವಿದೆ ಎಂದು ಕೇಳಿದರು. ನನ್ನನ್ನು ಯಾರೂ ಆ ಪ್ರಶ್ನೆ ಕೇಳಲಿಲ್ಲ. ದೋಹಾದಿಂದ ತಂಡ ಮರಳಿದಾಗ ಕೇಳಿಬಂದ ‘ಅಲ್ಲಿಯವರೆಗೆ ಹೋದದ್ದೇ ಸಾಕು’ ಎಂಬ ಮಾತಿನಲ್ಲಿ ಇವೆರಡರಲ್ಲಿ ಯಾವುದು ಇತ್ತು? ಛೇತ್ರಿಯವರ ಬಾಯಿಂದ ಆ ಮಾತು ಬಂದರೆ ಒಂದು ಅರ್ಥ, ನೋಡಿದವರ ಬಾಯಿಂದ ಬಂದರೆ ಇನ್ನೊಂದು ಎಂದು ನನಗೆ ತೋರುತ್ತದೆ.

ಬಳೇಪೇಟೆಯಲ್ಲಿ ಆ ಸೋಲಿನ ಚರ್ಚೆ ನಡೆದದ್ದು ಮೂರೇ ದಿನ. ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದವು. ಸಗಟು ಬೀದಿಯ ಜನಕ್ಕೆ ಮರುದಿನದಿಂದ ಬೇರೆ ಮಾತಿಗೆ ಬಿಡುವಿಲ್ಲದೆ ಹೋಯಿತು. ಆ ಮೂರು ದಿನಗಳಲ್ಲಿ ಎಲ್ಲರೂ ಕೊನೆಗೆ ಬಂದು ನಿಲ್ಲುತ್ತಿದ್ದ ಮಾತು ‘ಮುಂದಿನ ಸಲ’ ಎಂಬುದಾಗಿತ್ತಂತೆ. ಭಾರತದ ಇನ್ನಾವ ಕ್ಲಬ್ಬೂ ಆ ಕಪ್ಪಿನ ಅಂತಿಮ ಪಂದ್ಯಕ್ಕೆ ಹೋಗಲಿಲ್ಲ, ಎ.ಎಫ್.ಸಿ. ಕಪ್ ಎಂಬ ಹೆಸರಿನ ಪಂದ್ಯಾವಳಿಯೇ 2024ರಲ್ಲಿ ಮುಗಿದುಹೋಯಿತು. ಇದನ್ನು ತಿಳಿಸಿದಾಗ ಮದುವೆ ಕಾಗದದ ಅಂಗಡಿಯ ಯಜಮಾನರು, ಕೈಯಲ್ಲಿದ್ದ ಕಾಗದದ ಕಟ್ಟನ್ನು ಕೆಳಗಿಟ್ಟು, “ಹಾಗಾದರೆ ಈಗ ಯಾವ ಕಪ್ಪು ಆಡುತ್ತಾರೆ?” ಎಂದು ಕೇಳಿದರು.