ತೆರೆಯ ಬಣ್ಣವೂ ಕಾಗದದ ಬಣ್ಣವೂ

ಹಳೆಯ ಭಾವಚಿತ್ರಗಳನ್ನು ಗಣಕಯಂತ್ರದಲ್ಲಿ ತಿದ್ದಿ ಅಚ್ಚಿಗೆ ಕಳುಹಿಸುವ ಕೆಲಸವು ಈಗ ಮನೆಮನೆಗೂ ಬಂದಿದೆ. ತರಗತಿಯವರೆಲ್ಲ ಸಾಲಾಗಿ ನಿಂತು ತೆಗೆಸಿಕೊಂಡ ಪಟ, ತೀರಿಹೋದ ಉಪಾಧ್ಯಾಯಿನಿಯೊಬ್ಬರ ಒಂದೇ ಒಂದು ಚಿತ್ರ, ಇವು ಪೆಟ್ಟಿಗೆಯ ತಳದಿಂದ ಹೊರಬಂದು ಇಂಥ ಸಂಚಿಕೆಗಳನ್ನು ಸೇರುವುವು. ತೆರೆಯ ಮೇಲೆ ಕಳೆಕಳೆಯಾಗಿದ್ದ ಮುಖವು ಕಾಗದದ ಮೇಲೆ ಕಂದಿ ಕಂಡಾಗ ಎಲ್ಲರೂ ದೂರುವುದು ಮುದ್ರಕನನ್ನೇ. ಕೆಲವು ಸಲ ಅದು ನ್ಯಾಯವೂ ಹೌದು. ಆದರೆ ಅನೇಕ ವೇಳೆ ಆ ಕೇಡು ಮುದ್ರಣಾಲಯದ ಬಾಗಿಲನ್ನು ಕಾಣುವುದಕ್ಕೆ ಮೊದಲೇ, ಚಿತ್ರದ ವರ್ಣಪದ್ಧತಿಯನ್ನು ಬದಲಾಯಿಸಿದ ಗಳಿಗೆಯಲ್ಲಿಯೇ, ಹುಟ್ಟಿರುವುದು.

ವರ್ಣಪದ್ಧತಿಯೆಂದರೇನು? ಚಿತ್ರದ ಒಂದೊಂದು ಬಿಂದುವಿನ ಬಣ್ಣವನ್ನೂ ಯಂತ್ರವು ಅಂಕಿಗಳಾಗಿ ಬರೆದಿಡುವುದಷ್ಟೆ. ಆ ಅಂಕಿಗಳನ್ನು ಯಾವ ಲೆಕ್ಕದಲ್ಲಿ ಬರೆಯಬೇಕೆಂಬ ಕಟ್ಟಳೆಯೇ ವರ್ಣಪದ್ಧತಿ. ತೆರೆಯು ಬೆಳಕಿನಿಂದ ಬಣ್ಣ ಕಟ್ಟುವುದರಿಂದ ಅದರ ಲೆಕ್ಕವು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳದು. ಇದಕ್ಕೆ ಆರ್‌ಜಿಬಿ ಎಂದು ಹೆಸರು. ಸಾಮಾನ್ಯವಾಗಿ ಒಂದೊಂದಕ್ಕೂ 0ಯಿಂದ 255ರ ವರೆಗೆ ಬೆಲೆಯುಂಟು. ಮೂರೂ 255 ಆದರೆ ಬಿಳುಪು, ಮೂರೂ 0 ಆದರೆ ಕಪ್ಪು; ಒಟ್ಟು 1,67,77,216 ಬಗೆಗಳು. ಮೂರು ಬೆಳಕುಗಳಿಂದ ಬಣ್ಣದ ಚಿತ್ರವನ್ನು ಕಟ್ಟಬಹುದೆಂದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿಯು 1861ರಲ್ಲಿಯೇ ಲಂಡನ್ನಿನಲ್ಲಿ ಒಂದು ಪಟ್ಟಿಯ ಗಂಟಿನ ಚಿತ್ರದಿಂದ ತೋರಿಸಿಕೊಟ್ಟಿದ್ದನು.

ಕಾಗದದ ಮಾತು ಬೇರೆ. ಅಲ್ಲಿ ಬೆಳಕಿಲ್ಲ, ಶಾಯಿಯುಂಟು. ಶಾಯಿಯು ಬಿಳಿಯ ಬೆಳಕಿನಲ್ಲಿ ಒಂದಂಶವನ್ನು ನುಂಗಿ ಉಳಿದುದನ್ನು ನಮಗೆ ಬಿಡುವುದು. ಸಯಾನ್ ಎಂಬ ಹಸಿರುಮಿಶ್ರ ನೀಲಿ, ಮೆಜೆಂಟಾ ಎಂಬ ನೇರಳೆಗೆಂಪು, ಹಳದಿ, ಕಪ್ಪು, ಈ ನಾಲ್ಕು ಶಾಯಿಗಳ ಲೆಕ್ಕವೇ ಸಿಎಂವೈಕೆ. ತೆರೆಯ ಬೆಳಕು ತೋರಿಸುವ ಕೆಲವು ಉಜ್ಜ್ವಲ ಹಸಿರುಗಳೂ ನೀಲಿಗಳೂ ಈ ಶಾಯಿಗಳ ಕೈಗೆ ಎಟುಕವು. ಆದುದರಿಂದ ಚಿತ್ರವನ್ನು ಆರ್‌ಜಿಬಿಯಿಂದ ಸಿಎಂವೈಕೆಗೆ ಹಾಯಿಸಿದೊಡನೆ ಅಡಿಕೆತೋಟದ ಎಳೆಹಸಿರು ಮಂಕಾಗುವುದು. ಸಮವಸ್ತ್ರದ ಅಚ್ಚನೀಲಿಯು ನೇರಳೆಯ ಕಡೆಗೆ ಜಾರುವುದು.

ಇಲ್ಲಿ ಒಂದು ವಿಚಿತ್ರವುಂಟು. ಸಿಎಂವೈಕೆ ಪದ್ಧತಿಯಲ್ಲಿ ತಿದ್ದುತ್ತಿರುವಾಗಲೂ ನಾವು ನೋಡುತ್ತಿರುವುದು ಬೆಳಕನ್ನೇ ಹೊರತು ಶಾಯಿಯನ್ನಲ್ಲ. ಶಾಯಿಯು ಹೀಗೆ ಕಂಡೀತೆಂದು ಯಂತ್ರವು ಊಹಿಸಿ ಬೆಳಕಿನಲ್ಲಿ ಅಭಿನಯಿಸುವುದು. ಈ ಕಾರಣದಿಂದಲೇ ಫೋಟೋಶಾಪಿನಲ್ಲಿ ಕಪ್ಪು ಶಾಯಿಯೊಂದನ್ನೇ ನೂರಕ್ಕೆ ನೂರು ಇಟ್ಟರೂ ಅದು ತೆರೆಯ ಮೇಲೆ ಕಡುಬೂದಿಯಾಗಿ ಕಾಣಬಹುದು. ಅದನ್ನು ಕಂಡು ಗಾಬರಿಯಿಂದ ಉಳಿದ ಮೂರು ಶಾಯಿಗಳನ್ನೂ ಸುರಿಯುವವರುಂಟು. ಚಿತ್ರದಡಿಯ ಹೆಸರುಗಳಿಗೆ ಹಾಗೆ ಮಾಡಿದರಂತೂ ಅನರ್ಥವೇ. ನಾಲ್ಕು ಅಚ್ಚುಗಳು ಕೂದಲೆಳೆಯಷ್ಟು ಸರಿದರೂ ನಮ್ಮ ಕನ್ನಡದ ಒತ್ತಕ್ಷರಗಳ ಸುತ್ತ ಬಣ್ಣದ ಅಂಚು ಮೂಡಿ ಹೆಸರೇ ಓದಲಾಗದು. ಬರಹಕ್ಕೆ ಕಪ್ಪು ಶಾಯಿಯೊಂದೇ ಸಾಕು.

ಬೂದುಬಣ್ಣವೂ ಸುಲಭದ್ದಲ್ಲ. ಅಜ್ಜಂಪುರದ ಅಮೃತಮಹಲ್ ರಾಸುಗಳ ಬೂದುಮೈಯನ್ನು ನೋಡದವರು ನಮ್ಮ ಕಡೆ ಯಾರಿದ್ದಾರೆ? ತೆರೆಯ ಮೇಲೆ ಮೂರು ಬೆಳಕುಗಳನ್ನು ಸಮವಾಗಿಟ್ಟರೆ ಆ ಬೂದಿ ಬರುವುದು. ಅದೇ ಧೈರ್ಯದಿಂದ ಮೂರು ಬಣ್ಣದ ಶಾಯಿಗಳನ್ನು ಸಮವಾಗಿಟ್ಟರೆ ರಾಸು ಕಂದುಬಣ್ಣಕ್ಕೆ ತಿರುಗುವುದು. ಶಾಯಿಗಳು ಪರಿಶುದ್ಧವಲ್ಲವಾದುದರಿಂದ ಸಯಾನನ್ನು ಉಳಿದೆರಡಕ್ಕಿಂತ ಸ್ವಲ್ಪ ಹೆಚ್ಚಾಗಿಡಬೇಕಾಗುವುದು.

ಇನ್ನು ಕಪ್ಪುಬಿಳುಪಿನ ಪದ್ಧತಿ. ಇದರಲ್ಲಿ ಬಿಂದುವಿಗೆ ಒಂದೇ ಅಂಕಿ, 256 ಮೆಟ್ಟಿಲುಗಳು. ರೂಢಿಯಲ್ಲಿರುವ ಒಂದು ಲೆಕ್ಕದಂತೆ ಕೆಂಪಿನ 0.299, ಹಸಿರಿನ 0.587, ನೀಲಿಯ 0.114 ಪಾಲುಗಳನ್ನು ಕೂಡಿಸುವರು. ತರೀಕೆರೆಯ ಮೇಲಣ ಕೆಮ್ಮಣ್ಣುಗುಂಡಿಯ ಹೆಸರಿನಲ್ಲಿಯೇ ಬಣ್ಣವುಂಟು. ಅಲ್ಲಿಯ ಮಣ್ಣಿನ ಅಂಕಿಗಳು 168, 72, 40 ಎಂದೂ ಪಕ್ಕದ ಗಿಡದ ಎಲೆಯವು 60, 121, 70 ಎಂದೂ ಇಟ್ಟುಕೊಳ್ಳೋಣ. ಗುಣಿಸಿ ಕೂಡಿದರೆ ಎರಡಕ್ಕೂ ಬರುವ ಉತ್ತರ 97! ಮಣ್ಣು ಯಾವುದು, ಎಲೆ ಯಾವುದು? ಚಿತ್ರವನ್ನು ಮರಳಿ ಆರ್‌ಜಿಬಿಗೆ ತಂದರೂ ತಿಳಿಯದು. ಹೋದ ಬಣ್ಣವು ಹೋಯಿತು. ಅಮೃತಾಪುರದ ಅಮೃತೇಶ್ವರ ದೇವಾಲಯದ ಶಿಲ್ಪಕ್ಕೆ ಈ ಪದ್ಧತಿಯು ಚೆನ್ನಾಗಿ ಒಗ್ಗುವುದು, ಏಕೆಂದರೆ 1196ರ ಆ ಬಳಪದ ಕಲ್ಲಿನ ಸೊಗಸೆಲ್ಲ ನೆರಳುಬೆಳಕಿನಲ್ಲಿಯೇ ಇದೆ.

ಸೂಚಿತ ವರ್ಣಪದ್ಧತಿಯೆಂಬ ಮತ್ತೊಂದರಲ್ಲಿ ಹೆಚ್ಚೆಂದರೆ 256 ಬಣ್ಣಗಳ ಒಂದು ಪಟ್ಟಿಯಿರುವುದು. 1987ರಲ್ಲಿ ಬಂದ ಜಿಫ್ ಚಿತ್ರಗಳು ಈ ಜಾತಿಯವು. ಇದರಲ್ಲಿ ಕೆನ್ನೆಯ ನಯವಾದ ನೆರಳು ಮೆಟ್ಟಿಲುಮೆಟ್ಟಿಲಾಗಿ ಒಡೆಯುವುದು. ಗಿಂಪ್ ಎಂಬ ಉಪಕರಣದಲ್ಲಿ ಈ ಪದ್ಧತಿಯಿದ್ದಾಗ ಕುಂಚಕ್ಕೆ ಒಂದು ಬಣ್ಣವನ್ನು ಕೊಟ್ಟರೆ ತೆರೆಯ ಮೇಲೆ ಬೀಳುವುದು ಇನ್ನೊಂದು. ಯಂತ್ರವು ಕೆಟ್ಟಿತೆಂದು ಹೆದರಬೇಕಾಗಿಲ್ಲ. ಕೇಳಿದ ಬಣ್ಣವು ಪಟ್ಟಿಯಲ್ಲಿಲ್ಲದೆ ಹತ್ತಿರದ್ದನ್ನು ಕೊಟ್ಟಿತಷ್ಟೆ.

ಇಷ್ಟನ್ನೂ ನಾವು ವಿವರಿಸಿದುದು ಮುಖ್ಯವಾಗಿ ಹಳೆಯ ಪಟಗಳಿಗಾಗಿ. ತರೀಕೆರೆಯ ಕಡೆಯ ಮಳೆಗಾಲದ ತೇವವು ಪಟಗಳಿಗೆ ಹಳದಿಯ ಕಲೆಯನ್ನು ಹತ್ತಿಸುವುದನ್ನು ತಾಯಂದಿರೆಲ್ಲ ಬಲ್ಲರು. ‘ಹೇಗೂ ಕಪ್ಪುಬಿಳುಪಿನ ಪಟ, ಬಣ್ಣವೇಕೆ?’ ಎಂದು ಅದನ್ನು ಕಪ್ಪುಬಿಳುಪಿನಲ್ಲಿಯೇ ಸ್ಕ್ಯಾನ್ ಮಾಡಿಸುವರು. ಆಗ ಕಲೆಯೂ ಮುಖದ ನೆರಳೂ ಒಂದೇ ಬೂದಿಯಾಗಿ ಬೆರೆತುಹೋಗುವುವು. ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದರೆ? ಹಳದಿಯ ಕಲೆಯು ನೀಲಿಯ ಬೆಳಕನ್ನು ನುಂಗುವುದೇ ಹೊರತು ಕೆಂಪನ್ನು ಅಷ್ಟಾಗಿ ತಡೆಯದು. ಮೂರು ಬೆಳಕುಗಳ ಚಿತ್ರವನ್ನು ಬಿಡಿಬಿಡಿಯಾಗಿ ತೆರೆದು ನೋಡಿದರೆ ನೀಲಿಯ ಪದರದಲ್ಲಿ ಕಲೆಯು ದಟ್ಟವಾಗಿಯೂ ಕೆಂಪಿನ ಪದರದಲ್ಲಿ ಬಹಳ ತೆಳುವಾಗಿಯೂ ಇರುವುದು. ಆ ಕೆಂಪಿನ ಪದರವನ್ನೇ ಆರಿಸಿ ಕಪ್ಪುಬಿಳುಪಿಗೆ ತಿರುಗಿಸಿದರೆ ಕಲೆಯ ಹಿಂದಿದ್ದ ಮುಖವು ಬಹುಮಟ್ಟಿಗೆ ಮರಳಿ ದೊರೆಯುವುದು.

ಆದುದರಿಂದ ಮೂಲವನ್ನು ಆರ್‌ಜಿಬಿಯಲ್ಲಿಯೇ, ಕುಗ್ಗಿಸದೆ, ಬೇರೆ ಹೆಸರಿನಲ್ಲಿ ಕಾಪಾಡಿ, ಪದ್ಧತಿಯ ಬದಲಾವಣೆಯನ್ನೆಲ್ಲ ನಕಲಿನ ಮೇಲೆಯೇ ಮಾಡತಕ್ಕದ್ದು. ಬದಲಾಯಿಸದೆಯೇ ಅಚ್ಚಿನ ಬಣ್ಣವನ್ನು ಮುಂಚಿತವಾಗಿ ತೋರಿಸುವ ಅನುಕೂಲವು ಫೋಟೋಶಾಪ್ ಮೊದಲಾದವುಗಳಲ್ಲಿ ಉಂಟು. ಅವಸರದವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಮುದ್ರಕನಿಂದ ಒಂದು ಮಾದರಿ ಹಾಳೆಯನ್ನು, ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ, ತೆಗೆಸಿಕೊಳ್ಳುವುದು ಒಳ್ಳೆಯದು. ಅದನ್ನು ಹಗಲಿನ ಬೆಳಕಿನಲ್ಲಿ ಕಿಟಕಿಯ ಬಳಿ ಹಿಡಿದು ನೋಡಬೇಕು. ರಾತ್ರಿ ಹಳದಿಯ ದೀಪದಡಿ ಒಪ್ಪಿದ ನೀಲಿ ಲಂಗವು ಬೆಳಗ್ಗೆ ನೇರಳೆಯಾಗಿ ಕಂಡೀತು.