ಹಣ ಬ್ಯಾಂಕಿಗೆ ಬರಲಿ, ಲೆಕ್ಕ ಕಣದಲ್ಲಿ ಶುರುವಾಗಲಿ

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನನ್ನದು ಸಣ್ಣ ಉದ್ಯಮ. ಸುತ್ತಲಿನ ಬೆಳೆಗಾರರಿಂದ ಅರೇಬಿಕಾ ಕೊಂಡು, ಕ್ಯೂರಿಂಗ್ ಮಾಡಿಸಿ ಹೊರದೇಶಕ್ಕೆ ಕಳಿಸಲು ಹೊರಟಿದ್ದೇನೆ. ದುಬೈನ ಖರೀದಿದಾರರೊಬ್ಬರು ‘ಯುಎಸ್‌ಡಿಟಿ ಎಂಬ ಕ್ರಿಪ್ಟೊದಲ್ಲಿ ಹಣ ಹಾಕುತ್ತೇನೆ, ಐದು ನಿಮಿಷದ ಕೆಲಸ’ ಎನ್ನುತ್ತಿದ್ದಾರೆ. ಇತ್ತ ಸಾಫ್ಟ್‌ವೇರ್ ಕಂಪನಿಯೊಂದು ಬ್ಲಾಕ್‌ಚೈನ್ ಹಾಕಿಸಿಕೊಳ್ಳಿ, ಪೊಟ್ಟಣಕ್ಕೆ ಕ್ಯೂಆರ್ ಕೋಡ್ ಬಂದರೆ ಬೆಲೆ ಹೆಚ್ಚುತ್ತದೆ ಎಂದು ದುಂಬಾಲು ಬಿದ್ದಿದೆ. ಎರಡೂ ಬೇಡವೆಂದರೆ ಹಿಂದೆ ಬೀಳುತ್ತೇನೇನೋ ಎಂಬ ಭಯ. ಏನು ಮಾಡಲಿ?

ಉತ್ತರ: ಎರಡರ ತಂತ್ರಜ್ಞಾನ ಒಂದೇ ಇರಬಹುದು, ನಿಮ್ಮ ಪಾಲಿಗೆ ಇವು ಬೇರೆ ಬೇರೆ ಪ್ರಶ್ನೆಗಳು.

ಯುಎಸ್‌ಡಿಟಿ ಬೇಡ ಎಂದುಬಿಡಿ. ಕ್ರಿಪ್ಟೊ ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧವಲ್ಲ, ನಿಜ. ಆದರೆ ರಫ್ತಿನ ಹಣ ಅಧಿಕೃತ ಬ್ಯಾಂಕಿನ ಮೂಲಕವೇ ಬರಬೇಕೆನ್ನುತ್ತದೆ ವಿದೇಶಿ ವಿನಿಮಯ ಕಾಯ್ದೆಯ (ಫೆಮಾ) ನಿಯಮ. ವಾಲೆಟ್‌ಗೆ ಬಂದದ್ದು ನಿಮ್ಮ ಶಿಪ್ಪಿಂಗ್ ಬಿಲ್ಲಿಗೆ ಜಮಾ ಆಗುವುದಿಲ್ಲ. ಸರಕು ಹೋಗಿದೆ, ದುಡ್ಡು ಬಂದಿಲ್ಲ ಎಂದೇ ದಾಖಲೆಯಲ್ಲಿ ಉಳಿಯುತ್ತದೆ. ಜಿಎಸ್‌ಟಿ ರೀಫಂಡ್ ಪಡೆದಿದ್ದರೆ ಅದಕ್ಕೂ ತಕರಾರು ಬರುತ್ತದೆ. ಕ್ರಿಪ್ಟೊವನ್ನು ರೂಪಾಯಿ ಮಾಡಿಕೊಳ್ಳುವಾಗ ಶೇ 1 ಟಿಡಿಎಸ್, ಲಾಭಕ್ಕೆ ಶೇ 30 ತೆರಿಗೆ. ನಷ್ಟವಾದರೆ ಅದನ್ನು ಕಾಫಿಯ ಲಾಭದಲ್ಲಿ ಕಳೆಯುವಂತಿಲ್ಲ. 2022ರಿಂದ ಇದೇ ಕಾನೂನು. ಯುಎಸ್‌ಡಿಟಿಯನ್ನು ಗುರುತಿಲ್ಲದವರಿಗೆ ಮಾರಿ, ಅವರು ಹಾಕಿದ ಹಣ ಸೈಬರ್ ವಂಚನೆಯದ್ದಾಗಿದ್ದರೆ ನಿಮ್ಮ ಖಾತೆಯೇ ಫ್ರೀಜ್ ಆಗಬಹುದು. ಬೆಳೆಗಾರರಿಗೆ ದುಡ್ಡು ಕೊಡಬೇಕಾದ ವಾರದಲ್ಲಿ ಹೀಗಾದರೆ ಅವರಿಗೆ ಏನು ಹೇಳುತ್ತೀರಿ? ಕೊಳ್ಳುವ ಮನಸ್ಸಿರುವವರು ಬ್ಯಾಂಕಿನ ಮೂಲಕ ಮುಂಗಡ ಕಳಿಸಲೋ ಲೆಟರ್ ಆಫ್ ಕ್ರೆಡಿಟ್ (ಎಲ್‌ಸಿ) ತೆರೆಯಲೋ ಒಪ್ಪುತ್ತಾರೆ. ಉದ್ರಿ ಕೊಡಲೇಬೇಕಾದರೆ ಇಸಿಜಿಸಿ ಸಂಸ್ಥೆಯ ರಫ್ತು ಸಾಲ ವಿಮೆ ವಿಚಾರಿಸಿ.

ಬ್ಲಾಕ್‌ಚೈನ್ ಅನ್ನು ಇಷ್ಟು ಬೇಗ ತಳ್ಳಿಹಾಕಲಾರೆ. ಕಾಫಿ ಮಂಡಳಿಯೇ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತ್ತು. ಬರೆದದ್ದನ್ನು ಯಾರೂ ಗುಟ್ಟಾಗಿ ತಿದ್ದಲಾಗದು ಎಂಬುದೇ ಅದರ ಬಲ. ಬರೆದದ್ದು ನಿಜವೋ ಸುಳ್ಳೋ ಎಂಬುದು ಮಾತ್ರ ಅದಕ್ಕೆ ತಿಳಿಯದು. ನಿಮ್ಮ ಕಾಫಿಯ ಗುರುತು ಎಲ್ಲಿ ತಪ್ಪಿಹೋಗುತ್ತದೆ ನೋಡಿ. ಕಣದಲ್ಲಿ ಪಾರ್ಚ್‌ಮೆಂಟ್ ಒಣಗುತ್ತಿರುವಾಗ ಮೋಡ ಕವಿದು, ಗಡಿಬಿಡಿಯಲ್ಲಿ ಎರಡು ರಾಶಿ ಒಂದಾಗುತ್ತವೆ. ಚೀಲದ ಮೇಲಿನ ಲಾಟ್ ನಂಬರ್ ಲಾರಿಯಲ್ಲಿ ಉಜ್ಜಿ ಅಳಿಸುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಣ್ಣ ಲಾಟುಗಳನ್ನು ಒಟ್ಟಿಗೆ ಹಾಕುತ್ತಾರೆ. ಇದಾದ ಮೇಲೆ ಕ್ಯೂಆರ್ ಕೋಡ್ ಯಾವ ತೋಟದ ಹೆಸರು ತೋರಿಸಿದರೇನು?

ಇನ್ನೊಂದು ಮಾತು. ಪರಸ್ಪರ ನಂಬಿಕೆ ಸಾಲದ ಹಲವರು ಸೇರಿ ಒಂದೇ ಲೆಕ್ಕ ಬರೆಯಬೇಕಾದಾಗ ಬ್ಲಾಕ್‌ಚೈನ್‌ಗೆ ಅರ್ಥವಿದೆ. ಬರೆಯುವವರು ನೀವೊಬ್ಬರೇ ಆದರೆ ಸಾಮಾನ್ಯ ಸಾಫ್ಟ್‌ವೇರ್ ಸಾಕು. ಮೇರ್ಸ್ಕ್ ಮತ್ತು ಐಬಿಎಂ ಹಡಗು ಸಾಗಣೆಗೆಂದು ಕಟ್ಟಿದ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವೇದಿಕೆಗೂ ಉದ್ಯಮದವರೆಲ್ಲ ಕೈಜೋಡಿಸಲಿಲ್ಲ. 2022ರಲ್ಲಿ ಮುಚ್ಚುವ ತೀರ್ಮಾನವಾಯಿತು. ಮುಂದೆ ಯುರೋಪಿಗೆ ಕಳಿಸುವ ಆಸೆಯಿದ್ದರೆ, ಅಲ್ಲಿನ ಅರಣ್ಯನಾಶ ತಡೆ ಕಾನೂನು ಕೇಳುವುದು ಕಾಫಿ ಬೆಳೆದ ಜಮೀನು ಎಲ್ಲಿದೆ ಎಂಬ ಜಿಪಿಎಸ್ ವಿವರವನ್ನು, ಬ್ಲಾಕ್‌ಚೈನ್ ಅನ್ನಲ್ಲ.

ಹಾಗಾಗಿ ಹಿಂದೆ ಬೀಳುವ ಭಯ ಬಿಡಿ. ಈ ಕೊಯ್ಲಿಗೆ ನಾಲ್ಕೈದು ತೋಟಗಳನ್ನಷ್ಟೇ ಆರಿಸಿ, ಅವುಗಳ ಕಾಫಿ ಕಣದಿಂದ ಹಡಗಿನವರೆಗೆ ಬೆರೆಯದಂತೆ ನೋಡಿಕೊಳ್ಳಿ. ತೂಕ, ತಾರೀಖು, ಜಮೀನಿನ ಗುರುತು ಬರೆದಿಡಿ. ಆ ವಿವರಕ್ಕೆ ಯಾರಾದರೂ ಹೆಚ್ಚು ಬೆಲೆ ಕೊಡಲು ಮುಂದಾದರೆ ಆಗ ಕಂಪನಿಯವರನ್ನು ಕರೆಸಿ. ತಪ್ಪು ನಮೂದಾದರೆ ಸರಿಪಡಿಸುವುದು ಹೇಗೆ, ನೀವು ಸೇವೆ ನಿಲ್ಲಿಸಿದರೆ ನಮ್ಮ ದಾಖಲೆ ಯಾರ ಕೈಯಲ್ಲಿರುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.