ಗ್ರಂಥಾಲಯಗಳ ನಡುವಣ ಸಹಕಾರ

ಸಹಕಾರವೆಂಬ ಮಾತು ಕಾಸರಗೋಡಿನ ಮನೆಗಳಿಗೆ ಹೊಸತಲ್ಲ. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳಗಳ ಕೃಷಿಕರಿಗಾಗಿ ಕ್ಯಾಂಪ್ಕೊ ಸಂಸ್ಥೆ ಹುಟ್ಟಿತು. ರಾಜ್ಯದ ಗಡಿ ಅದಕ್ಕೆ ಅಡ್ಡಿಯಾಗಲಿಲ್ಲ. ಒಬ್ಬನಿಂದಾಗದ ಕೆಲಸ ಹತ್ತು ಮಂದಿ ಕೂಡಿದರೆ ಆಗುತ್ತದೆಂಬ ಈ ತತ್ತ್ವವನ್ನು ಪುಸ್ತಕಗಳ ವಿಷಯದಲ್ಲಿಯೂ ಆಚರಣೆಗೆ ತರಬಹುದೇ? ತರಬಹುದು, ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಗ್ರಂಥಾಲಯಗಳು ತಂದು ತೋರಿಸಿವೆ. ಅದು ಹೇಗೆ, ಅದರಿಂದ ನಮ್ಮಂತಹ ಗಡಿನಾಡಿನ ಕನ್ನಡ ಶಾಲೆಗಳು ಕಲಿಯಬೇಕಾದುದೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಸಹಕಾರ ಏಕೆ ಬೇಕು?

ಎಷ್ಟೇ ಹಣವಿದ್ದರೂ ಅಚ್ಚಾದ ಪುಸ್ತಕಗಳನ್ನೆಲ್ಲ ಕೊಂಡು ತುಂಬುವುದು ಯಾವ ಗ್ರಂಥಾಲಯಕ್ಕೂ ಸಾಧ್ಯವಿಲ್ಲ. ಮೇಲಾಗಿ ಪುಸ್ತಕವಿರುವ ಊರು ಒಂದು, ಅದು ಬೇಕಾದ ಓದುಗನಿರುವ ಊರು ಇನ್ನೊಂದು. ಮಂಜೇಶ್ವರದ ಗೋವಿಂದ ಪೈಗಳನ್ನೇ ನೆನೆಯೋಣ. 1963ರಲ್ಲಿ ತೀರಿಕೊಂಡ ಆ ಕವಿ-ವಿದ್ವಾಂಸರ ಹೆಸರಿನ ಸಂಶೋಧನ ಕೇಂದ್ರವಿರುವುದು ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ. ಅವರು ಕೂಡಿಸಿದ ಗ್ರಂಥಗಳು ಸೇರಿರುವುದೂ ಅಲ್ಲಿಗೇ. ಅವು ಅಲ್ಲಿ ಸುರಕ್ಷಿತವಾಗಿವೆಯೆಂಬುದು ಸಂತೋಷವೇ. ಆದರೆ ಮಂಜೇಶ್ವರದ ಹುಡುಗಿಯೊಬ್ಬಳು ತನ್ನೂರ ಕವಿಯ ಪುಸ್ತಕಗಳನ್ನು ನೋಡಬೇಕಾದರೆ ಗಡಿ ದಾಟಿ ಹೋಗಬೇಕು.

ಭಾರತದ ಗ್ರಂಥಾಲಯ ಶಾಸ್ತ್ರಕ್ಕೆ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳ ಸಾರವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಪುಸ್ತಕ ಬೀಗದೊಳಗಿನ ಆಸ್ತಿಯಾಗಬಾರದು, ಅದು ಬೇಕಾದವನ ಕೈಯನ್ನು ಬೇಗನೆ ಸೇರಬೇಕು. ಬೇಕಾದವನು ಬೇರೆ ಊರಿನಲ್ಲಿದ್ದರೆ? ಈ ಪ್ರಶ್ನೆಗೆ ಗ್ರಂಥಾಲಯಗಳು ಕಂಡುಕೊಂಡ ಉತ್ತರವೇ ಸಹಕಾರ.

ಮೊದಲನೆಯ ಮೆಟ್ಟಿಲು: ಪಟ್ಟಿ

ಎಲ್ಲಿ ಏನಿದೆಯೆಂದು ತಿಳಿಯದೆ ಕೇಳುವುದು ಹೇಗೆ, ಕೊಡುವುದು ಹೇಗೆ? ಆದುದರಿಂದ ಸಹಕಾರದ ಮೊದಲ ಕೆಲಸ ಪಟ್ಟಿ ಮಾಡುವುದು. ಹಲವು ಗ್ರಂಥಾಲಯಗಳ ಪುಸ್ತಕಗಳನ್ನು ಒಂದೇ ಕಡೆ ತೋರಿಸುವ ಪಟ್ಟಿಗೆ ಸಂಯುಕ್ತ ಸೂಚಿ ಎಂದು ಹೆಸರು.

ಅಮೆರಿಕದ ಓಹಾಯೊ ರಾಜ್ಯದಲ್ಲಿ 1967ರಲ್ಲಿ 54 ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಒಂದು ಕೂಟ ಕಟ್ಟಿಕೊಂಡವು. ಫ್ರೆಡರಿಕ್ ಕಿಲ್ಗೋರ್ ಎಂಬವರು ಅದರ ಮುಂದಾಳು. ಅದುವರೆಗೆ ಒಂದೇ ಪುಸ್ತಕವನ್ನು ಹತ್ತು ಕಾಲೇಜುಗಳು ಕೊಂಡರೆ ಹತ್ತು ಕಡೆಯೂ ಅದರ ವಿವರವನ್ನು ಬೇರೆ ಬೇರೆಯಾಗಿ ಸಿದ್ಧಪಡಿಸುವ ಶ್ರಮವಿತ್ತು. ಒಬ್ಬರು ಬರೆದ ವಿವರವನ್ನು ಉಳಿದವರೆಲ್ಲ ಬಳಸಿಕೊಳ್ಳುವಂತೆ ಕಂಪ್ಯೂಟರಿನ ಮೂಲಕ ಏರ್ಪಾಡು ಮಾಡಿದರು. 1971ರ ಆಗಸ್ಟ್ 26ರಂದು ಓಹಾಯೊ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಈ ಕೆಲಸ ಆರಂಭವಾಯಿತು. ಶ್ರಮ ಉಳಿಯಿತು, ಅದರೊಡನೆ ಯಾವ ಪುಸ್ತಕ ಯಾರಲ್ಲಿದೆಯೆಂಬ ಲೆಕ್ಕವೂ ತಾನಾಗಿ ಬೆಳೆಯಿತು. ಆ ಪಟ್ಟಿ ಇಂದು ವರ್ಲ್ಡ್‌ಕ್ಯಾಟ್ ಎಂಬ ಹೆಸರಿನಲ್ಲಿ ಜಗತ್ತಿನ ಸಾವಿರಾರು ಗ್ರಂಥಾಲಯಗಳನ್ನು ಒಳಗೊಂಡಿದೆ.

ಎರಡನೆಯ ಮೆಟ್ಟಿಲು: ಎರವಲು

ಪಟ್ಟಿಯಿದ್ದರೆ ಎರವಲು ಸುಲಭ. ದೆಹಲಿಯಲ್ಲಿ 1988ರಲ್ಲಿ ಆರಂಭವಾದ ಡೆಲ್‌ನೆಟ್ ಎಂಬ ಜಾಲ ಮೊದಲು ಆ ನಗರದ ಗ್ರಂಥಾಲಯಗಳನ್ನು ಜೋಡಿಸಿ, ಬಳಿಕ ದೇಶದ ಇತರ ಭಾಗಗಳಿಗೂ ಹಬ್ಬಿತು.

ಸಾಮಾನ್ಯವಾಗಿ ಇದರ ಕ್ರಮ ಹೀಗೆ. ಓದುಗನು ತನಗೆ ಬೇಕಾದ ಪುಸ್ತಕವನ್ನು ತನ್ನ ಗ್ರಂಥಾಲಯದಲ್ಲಿಯೇ ಕೇಳುತ್ತಾನೆ. ಅಲ್ಲಿಲ್ಲದಿದ್ದರೆ ಗ್ರಂಥಪಾಲರು ಪಟ್ಟಿ ನೋಡಿ, ಅದಿರುವ ಗ್ರಂಥಾಲಯಕ್ಕೆ ಬೇಡಿಕೆ ಕಳುಹಿಸುತ್ತಾರೆ. ಪುಸ್ತಕ ಗೊತ್ತಾದ ಅವಧಿಗೆ ಬರುತ್ತದೆ. ಅದಕ್ಕೆ ಹೊಣೆ ತರಿಸಿಕೊಂಡ ಗ್ರಂಥಾಲಯ. ಹಾಳಾದರೂ ಕಳೆದುಹೋದರೂ ಉತ್ತರ ಹೇಳಬೇಕಾದುದು ಅದೇ. ನಿಘಂಟು, ವಿಶ್ವಕೋಶಗಳಂತಹ ಆಕರ ಗ್ರಂಥಗಳನ್ನು ಹೊರಗೆ ಕಳುಹಿಸುವುದು ವಿರಳ. ಬೇಕಾದ ಪುಟಗಳ ಪ್ರತಿಯನ್ನಷ್ಟೇ ಒದಗಿಸುತ್ತಾರೆ. ಈ ವ್ಯವಸ್ಥೆಯೆಲ್ಲ ನಿಂತಿರುವುದು ವಿಶ್ವಾಸದ ಮೇಲೆ. ಹೇಳಿದ ದಿನಕ್ಕೆ ಹಿಂತಿರುಗಿಸದವನಿಗೆ ಮರುಸಲ ಕೊಡುವವರು ಯಾರು?

ಮೂರನೆಯ ಮೆಟ್ಟಿಲು: ಕೂಡಿ ಕೊಳ್ಳುವುದು

ವಿಜ್ಞಾನ ಪತ್ರಿಕೆಗಳ ಚಂದಾ ಬಹಳ ದುಬಾರಿ. ಒಂದೊಂದು ಕಾಲೇಜೂ ಪ್ರಕಾಶಕರೊಡನೆ ಪ್ರತ್ಯೇಕವಾಗಿ ವ್ಯವಹರಿಸುವುದಕ್ಕಿಂತ ಒಟ್ಟಾಗಿ ಕೇಳಿದರೆ ಮಾತಿಗೆ ತೂಕ ಬರುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 1991ರಲ್ಲಿ ಆರಂಭಿಸಿದ ಇನ್‌ಫ್ಲಿಬ್‌ನೆಟ್ ಕೇಂದ್ರ ಇಂತಹ ಕೆಲಸಕ್ಕೆ ಹೆಸರಾಯಿತು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟ 'ಒಂದು ದೇಶ, ಒಂದು ಚಂದಾ' ಯೋಜನೆಯನ್ನು ನಡೆಸುವ ಹೊಣೆಯೂ ಈ ಕೇಂದ್ರದ್ದೇ. 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರಕಾರಿ ವಿದ್ಯಾಸಂಸ್ಥೆಗಳು ಮತ್ತು ಸಂಶೋಧನಾಲಯಗಳು. ದೊಡ್ಡ ನಗರದ ಹೆಸರಾಂತ ಸಂಸ್ಥೆಗೆ ಸಿಗುವ ಪತ್ರಿಕೆಯೇ ಮೂಲೆಯ ಸರಕಾರಿ ಕಾಲೇಜಿಗೂ ಸಿಗಬೇಕೆಂಬುದು ಇದರ ಗುರಿ.

ಇದೇ ಕೇಂದ್ರ ನಡೆಸುವ ಶೋಧಗಂಗಾ ಎಂಬ ಭಂಡಾರದಲ್ಲಿ ವಿಶ್ವವಿದ್ಯಾಲಯಗಳು ತಮ್ಮ ಸಂಶೋಧನ ಪ್ರಬಂಧಗಳನ್ನು ಇರಿಸುತ್ತವೆ. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಅಲ್ಲಿವೆ. ಓದಲು ಶುಲ್ಕವಿಲ್ಲ. ಉನ್ನತ ವ್ಯಾಸಂಗಕ್ಕೆ ಹೋಗುವ ವಿದ್ಯಾರ್ಥಿಗಳು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಪಾಲಿನ ಕೆಲಸ

ವಿದ್ಯಾರ್ಥಿಗಳೇ, ಇಲ್ಲಿ ಒಂದು ಮಾತನ್ನು ಗಮನಿಸಿರಿ. ಈ ದೊಡ್ಡ ಯೋಜನೆ ಉನ್ನತ ಶಿಕ್ಷಣಕ್ಕೆ ಸಂಬಂಧಿಸಿದ್ದು. ಶಾಲೆಗಳು ಅದರಲ್ಲಿ ಸೇರಿಲ್ಲ. ಹತ್ತನೆಯ ತರಗತಿಯ ಹುಡುಗನಿಗೆ ಬೇಕಾದ ಕನ್ನಡ ಪುಸ್ತಕವನ್ನು ಅದು ತಂದುಕೊಡಲಾರದು. ಅದನ್ನು ನಾವೇ ಮಾಡಿಕೊಳ್ಳಬೇಕು.

ನಿರಂಜನರು ಪ್ರಧಾನ ಸಂಪಾದಕರಾಗಿದ್ದ 'ಜ್ಞಾನಗಂಗೋತ್ರಿ' ಏಳು ಸಂಪುಟಗಳ ಕಿರಿಯರ ವಿಶ್ವಕೋಶ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟ. ಇಂತಹವನ್ನು ಪ್ರತಿಯೊಂದು ಶಾಲೆಯೂ ಕೊಳ್ಳುವುದು, ಹಳೆಯದಾದರೆ ಹುಡುಕಿ ತರುವುದು, ಕಷ್ಟ. ಆದರೆ ನೆರೆಯ ನಾಲ್ಕು ಕನ್ನಡ ಶಾಲೆಗಳಲ್ಲಿ ಒಂದರಲ್ಲಿ ನಿಘಂಟು, ಇನ್ನೊಂದರಲ್ಲಿ ವಿಶ್ವಕೋಶ ಇದ್ದು, ಅದು ನಾಲ್ಕು ಶಾಲೆಗಳಿಗೂ ತಿಳಿದಿದ್ದರೆ ನಾಲ್ಕೂ ಶಾಲೆಗಳ ಮಕ್ಕಳಿಗೆ ಎರಡೂ ಇದ್ದಂತೆಯೇ. ಊರೂರಿನ ವಾಚನಾಲಯಗಳನ್ನೂ ಈ ಕೂಟಕ್ಕೆ ಸೇರಿಸಿಕೊಳ್ಳಬಹುದು. ಅಲ್ಲಿಯ ಕಪಾಟುಗಳಲ್ಲಿ ಮಲಯಾಳದ ಪುಸ್ತಕಗಳ ನಡುವೆ ಕನ್ನಡದ ಹಳೆಯ ಪುಸ್ತಕಗಳು ಯಾರೂ ಕೇಳದೆ ಕುಳಿತಿರಬಹುದು. ಕೇಳುವವರಿಲ್ಲದ ಪುಸ್ತಕ ಮೊದಲು ಹಿಂದಿನ ಸಾಲಿಗೆ, ಬಳಿಕ ರದ್ದಿಗೆ ಹೋಗುತ್ತದೆ. ಗಡಿನಾಡಿನಲ್ಲಿ ಹಾಗೆ ಹೋದ ಪುಸ್ತಕ ಮತ್ತೆ ಸಿಗುವುದು ದುರ್ಲಭ.

ಆರಂಭಕ್ಕೆ ಹಣ ಬೇಡ, ಒಂದು ನೋಟುಪುಸ್ತಕ ಸಾಕು. ಪುಸ್ತಕದ ಹೆಸರು, ಬರೆದವರ ಹೆಸರು, ಪ್ರಕಟವಾದ ವರ್ಷ, ಎಲ್ಲಿದೆ ಎಂಬ ನಾಲ್ಕು ಕಲಂಗಳನ್ನು ಎಳೆದು ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳೇ ತುಂಬಬಹುದು. ಎಲ್ಲರೂ ಒಂದೇ ಕ್ರಮದಲ್ಲಿ ಬರೆದರೆ ನಾಲ್ಕು ಶಾಲೆಗಳ ಪಟ್ಟಿಗಳನ್ನು ಕೂಡಿಸುವುದು ಸುಲಭ. ಓಹಾಯೊದವರು ಮಾಡಿದ್ದೂ ಮೂಲತಃ ಇಷ್ಟೇ.

ಹೆತ್ತವರಲ್ಲಿಯೂ ಒಂದು ವಿನಂತಿ. ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಕನ್ನಡ ಪುಸ್ತಕಗಳಿದ್ದರೆ ಗೆದ್ದಲಿಗೆ ಬಿಡಬೇಡಿ. ಶಾಲೆಗೆ ಕೊಡಲೇಬೇಕೆಂದಿಲ್ಲ, ಮನೆಯಲ್ಲಿಯೇ ಇರಲಿ, ಪಟ್ಟಿಯಲ್ಲಿ ಹೆಸರು ಸೇರಲಿ. ಕೇಳಿಕೊಂಡು ಬಂದ ಮಕ್ಕಳಿಗೆ ಜಗಲಿಯಲ್ಲಿ ಕುಳಿತು ಓದಲು ಎಡೆ ಕೊಟ್ಟರೆ ಅದೂ ಗ್ರಂಥಾಲಯ ಸೇವೆಯೇ. ಮಕ್ಕಳೂ ಒಂದು ನಿಯಮ ಪಾಲಿಸಬೇಕು: ತಂದ ಪುಸ್ತಕಕ್ಕೆ ಹೊದಿಕೆ ಹಾಕಿ, ಪುಟ ಮಡಿಸದೆ ಓದಿ, ಹೇಳಿದ ದಿನದಂದೇ ಹಿಂತಿರುಗಿಸಬೇಕು. ನಾವು ಹಿಂತಿರುಗಿಸುವ ಪುಸ್ತಕಕ್ಕಾಗಿ ಇನ್ನೊಂದು ಶಾಲೆಯಲ್ಲಿ ಇನ್ನೊಬ್ಬರು ಕಾದಿರುತ್ತಾರೆ.